ಉಂಡದ್ದು ಮೈಗೆ ಹತ್ತದಿರುವಾಗ

‘ಎಷ್ಟು ಉಣಿಸಿದರೂ ಮಗುವಿನ ಮೈಗೆ ಹತ್ತುವುದಿಲ್ಲ’ ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಉಣ್ಣುವುದು ಒಂದು, ಉಂಡದ್ದು ಅರಗುವುದು ಇನ್ನೊಂದು, ಅರಗಿದ್ದು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರುವುದು ಮತ್ತೊಂದು. ಮೈಗೆ ಹತ್ತುವುದೆಂದರೆ ಈ ಮೂರನೆಯದೇ. ಹಿರಿಯರ ಆಡುಮಾತು ಈ ಭೇದವನ್ನು ಬಲ್ಲದು. ಆದರೆ ಮಗು ಸೊರಗಿದೊಡನೆ ನಾವು ಮಾಡುವ ಕೆಲಸ ಒಂದೇ, ತಟ್ಟೆಗೆ ಇನ್ನಷ್ಟು ಬಡಿಸುವುದು. ತೊಡಕು ಮೂರನೆಯ ಹಂತದಲ್ಲಿದ್ದರೆ ಹಾಗೆ ಬಡಿಸಿದ್ದು ವ್ಯರ್ಥವಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಅದೇ ರೋಗವನ್ನು ಬೆಳೆಸುವುದೂ ಉಂಟು.

ನಮ್ಮ ಪರಿಚಯದ ಒಂದು ಮನೆತನದ ಸಂಗತಿಯನ್ನು ಮೊದಲು ಹೇಳುತ್ತೇವೆ. ಧಾರವಾಡ ಸೀಮೆಯ ಒಕ್ಕಲುತನದ ಮನೆ. ಹೈನಕ್ಕೆ ಕೊರತೆಯಿಲ್ಲ, ಕಾಳುಕಡಿಗೆ ಕೊರತೆಯಿಲ್ಲ. ಆ ಮನೆಯ ಹುಡುಗಿ ಹನ್ನೊಂದು ತುಂಬಿದಾಗ ಎಂಟು ವರ್ಷದವಳಂತೆ ಕಾಣುತ್ತಿದ್ದಳು. ಮುಖ ಬಿಳಿಚಿ, ಕೈಕಾಲು ಸಣಕಲಾಗಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ತಿಂಗಳಲ್ಲಿ ನಾಲ್ಕಾರು ದಿನ ಭೇದಿ. ಜಂತುಹುಳುವಿನ ಗುಳಿಗೆಗಳಾದವು, ಕಬ್ಬಿಣದ ಟಾನಿಕ್ಕು ಬಾಟಲಿಗಟ್ಟಲೆ ಆಯಿತು, ದೃಷ್ಟಿ ನಿವಾಳಿಸಿದ್ದೂ ಆಯಿತು. ಹಿಮೋಗ್ಲೋಬಿನ್ ಮಾತ್ರ ಏರಲಿಲ್ಲ. ಮೊಮ್ಮಗಳಿಗೆ ಶಕ್ತಿ ಸಾಲದೆಂದು ಬಗೆದ ಆಯಿ ಜೋಳದ ರೊಟ್ಟಿಯನ್ನು ಬಿಡಿಸಿ, ತುಪ್ಪ ಹಚ್ಚಿದ ಗೋಧಿ ಚಪಾತಿ, ಹಾಲು ಬೆರೆಸಿದ ಗೋಧಿ ಹುಗ್ಗಿ, ರವೆ ಉಂಡಿಗಳನ್ನು ಎದುರಿಗೆ ಕುಳಿತು ಉಣಿಸುತ್ತ ಬಂದರು. ಕಡೆಗೆ ಹುಬ್ಬಳ್ಳಿಯಲ್ಲಿ ವೈದ್ಯರೊಬ್ಬರು ರಕ್ತ ಪರೀಕ್ಷಿಸಿ, ಕರುಳಿನ ಒಳಪದರದ ಚೂರನ್ನೂ ತೆಗೆಸಿ ನೋಡಿ, ಈ ಹುಡುಗಿಗೆ ಗೋಧಿಯೇ ಆಗದೆಂದು ತಿಳಿಸಿದರು. ‘ನನ್ನ ಕೈಲೇನ ಉಣಿಸಿದೆನಲ್ಲವ್ವಾ’ ಎಂದು ಆ ಹಿರಿಯಳು ಅತ್ತದ್ದನ್ನು ನಾವು ಕಂಡಿದ್ದೇವೆ. ಈ ಲೇಖನವನ್ನು ಬರೆಯಲು ಅದೇ ಪ್ರೇರಣೆ. ತಪ್ಪು ಅವರದಲ್ಲ. ಗೋಧಿಯುಂಡರೆ ಬಲ, ಜೋಳವುಂಡರೆ ಬಡತನ ಎಂಬ ಭಾವನೆಯನ್ನು ಅವರ ತಲೆಗೆ ತುಂಬಿದವರು ನಾವೆಲ್ಲರೂ ಸೇರಿಯೇ.

ಹೀರಿಕೆಯ ಸ್ಥಳ

ವಯಸ್ಕರ ಸಣ್ಣ ಕರುಳು ಸುಮಾರು 6 ಮೀಟರು ಉದ್ದದ ಕೊಳವೆ. ಅದರ ಒಳಗೋಡೆ ನುಣುಪಾಗಿಲ್ಲ. ಮಕಮಲ್ಲಿನ ಬಟ್ಟೆಯ ಮೇಲಿನ ನವಿರು ಎಳೆಗಳಂತೆ ಬೆರಳಿನಾಕಾರದ ಸೂಕ್ಷ್ಮ ಚಾಚುಗಳು ಅಲ್ಲಿ ಒತ್ತಾಗಿ ನಿಂತಿರುತ್ತವೆ. ಇವಕ್ಕೆ ವಿಲ್ಲೈ ಎಂದು ಹೆಸರು. ಈ ಚಾಚುಗಳಿಂದಾಗಿ ಆ ಕೊಳವೆಯ ಒಳಮೈ ಹರಡಿದರೆ ಸುಮಾರು 30 ಚದರ ಮೀಟರು, ಅಂದರೆ ಒಂದು ದೊಡ್ಡ ಪಡಸಾಲೆಯಷ್ಟು ಆಗುತ್ತದೆ. ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ತುಪ್ಪದ ಜಿಡ್ಡು ಎಲ್ಲವೂ ಸಣ್ಣ ಕಣಗಳಾಗಿ ಒಡೆದು ಈ ಪಡಸಾಲೆಯ ಮೂಲಕವೇ ದೇಹವನ್ನು ಪ್ರವೇಶಿಸಬೇಕು. ಕಬ್ಬಿಣ, ಫೋಲಿಕ್ ಆಮ್ಲ, ಸುಣ್ಣದಂಶಗಳು ಹೆಚ್ಚಾಗಿ ಕರುಳಿನ ಮೇಲ್ಭಾಗದಲ್ಲಿ ಹೀರಲ್ಪಡುತ್ತವೆ. ಬಿ-12 ಜೀವಸತ್ವವು ಮಾತ್ರ ಕೊನೆಯ ತುದಿಯವರೆಗೆ ಸಾಗಿ ಅಲ್ಲಿಯೇ ಒಳಸೇರುತ್ತದೆ. ಆದ್ದರಿಂದ ಯಾವ ಅಂಶ ಕಡಿಮೆಯಾಗಿದೆಯೆಂದು ನೋಡಿ, ಕರುಳಿನ ಯಾವ ಭಾಗ ಕೆಟ್ಟಿರಬಹುದೆಂದು ವೈದ್ಯರು ಊಹಿಸಬಲ್ಲರು.

ತೊಡಕು ಗೋಡೆಯಲ್ಲಿಯೇ ಇರಬೇಕೆಂದಿಲ್ಲ. ಮೇದೋಜೀರಕ ಗ್ರಂಥಿಯ ರಸ ಬಾರದಿದ್ದರೆ ಆಹಾರ ಒಡೆಯುವುದೇ ಇಲ್ಲ. ಪಿತ್ತರಸ ತಡೆದುನಿಂತರೆ ಜಿಡ್ಡು ಕರಗುವುದಿಲ್ಲ; ಜಿಡ್ಡು ಕರಗದಿದ್ದರೆ ಅದರೊಡನೆ ಸಾಗುವ ಎ, ಡಿ, ಇ, ಕೆ ಜೀವಸತ್ವಗಳೂ ಹೊರಗೆ ಹೋಗುತ್ತವೆ. ಇರುಳುಗುರುಡು, ಎಲುಬಿನ ನೋವು, ಸಣ್ಣ ಪೆಟ್ಟಿಗೂ ನಿಲ್ಲದ ರಕ್ತಸ್ರಾವ ಇವೆಲ್ಲ ಹೊಟ್ಟೆಯ ರೋಗದ ಲಕ್ಷಣಗಳಾಗಿರಬಹುದೆಂದು ಯಾರಿಗೆ ಹೊಳೆಯಬೇಕು? ಬಿಳಿಚಿದ, ಎಣ್ಣೆಯಂತೆ ಅಂಟುವ, ನೀರಿನ ಮೇಲೆ ತೇಲುವ, ವಿಪರೀತ ನಾರುವ ಮಲವು ಜಿಡ್ಡು ಅರಗದಿರುವುದರ ಗುರುತು. ನಮ್ಮ ಜನ ಈ ವಿಷಯವನ್ನು ವೈದ್ಯರೆದುರು ಹೇಳಲು ನಾಚುತ್ತಾರೆ. ನಾಚಬಾರದು. ಹಲವು ಸಲ ಈ ಒಂದು ಮಾತೇ ವೈದ್ಯರಿಗೆ ದಾರಿ ತೋರಿಸುತ್ತದೆ.

ಆಯುರ್ವೇದವು ಈ ಬಗೆಯ ಕಾಯಿಲೆಗಳನ್ನು ‘ಗ್ರಹಣಿ’ ಎಂದು ಕರೆದಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೈದನೆಯ ಅಧ್ಯಾಯವೇ ಇದಕ್ಕೆ ಮೀಸಲು. ಅಲ್ಲಿ ಮಜ್ಜಿಗೆಗೆ ದೊಡ್ಡ ಸ್ಥಾನವಿದೆ. ಅದಕ್ಕೆ ಮುಂದೆ ಬರುತ್ತೇವೆ.

ಗೋಧಿಯ ಗುಟ್ಟು ತಿಳಿದ ಬಗೆ

ಗೋಧಿ ಕೆಲವರಿಗೆ ಆಗದೆಂಬುದು ಬಹಳ ಹಳೆಯ ತಿಳಿವಳಿಕೆಯೇನಲ್ಲ. ಸೀಲಿಯಾಕ್ ಎಂಬ ಈ ರೋಗವನ್ನು ಲಂಡನ್ನಿನ ಸಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲಿ ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಸೂಚಿಸಿದ್ದರು. ಆದರೆ ಯಾವ ಪಥ್ಯವೆಂಬುದು ಯಾರಿಗೂ ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬುವರು ಮಕ್ಕಳಿಗೆ ಬಾಳೆಹಣ್ಣನ್ನೇ ಪ್ರಧಾನವಾಗಿ ಕೊಟ್ಟು ಬದುಕಿಸಿದರು. ಬಾಳೆಹಣ್ಣಿನಲ್ಲಿ ಏನೋ ಔಷಧವಿದೆಯೆಂದು ಜನ ನಂಬಿದರು. ಗುಣವಾದದ್ದು ಬಾಳೆಹಣ್ಣು ತಿಂದದ್ದರಿಂದಲ್ಲ, ಬ್ರೆಡ್ಡು ಬಿಟ್ಟದ್ದರಿಂದ ಎಂಬುದು ಹೊಳೆಯಲು ಇನ್ನೂ ಕಾಲು ಶತಮಾನ ಹಿಡಿಯಿತು.

ಹೊಳೆದದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅವರಿಗೆ. 1930ರ ದಶಕದಲ್ಲಿಯೇ ಅವರಿಗೆ ಗೋಧಿಯ ಮೇಲೆ ಗುಮಾನಿಯಿತ್ತು. 1941ರಲ್ಲಿ ಗೋಧಿಯಿಲ್ಲದ ಪಥ್ಯವನ್ನು ಕುರಿತು ಬರೆದಿದ್ದರು ಕೂಡ. ಆಮೇಲೆ ಬಂದದ್ದು 1944-45ರ ಚಳಿಗಾಲ. ಜರ್ಮನ್ ಸೈನ್ಯ ಆಹಾರ ಸಾಗಣೆಯನ್ನು ತಡೆದದ್ದರಿಂದ ಪಶ್ಚಿಮ ಹಾಲೆಂಡಿನಲ್ಲಿ ಘೋರ ಕ್ಷಾಮವುಂಟಾಯಿತು. ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಊರೆಲ್ಲ ಬಡವಾಗುತ್ತಿದ್ದ ಆ ತಿಂಗಳುಗಳಲ್ಲಿ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಸುಧಾರಿಸಿದರು; ಬ್ರೆಡ್ಡು ಮರಳಿ ಸಿಕ್ಕಿದೊಡನೆ ರೋಗವೂ ಮರಳಿತು. ಈ ಸಂಗತಿ ವೈದ್ಯಲೋಕದಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ಯುದ್ಧ ಮುಗಿದ ಮೇಲೆ ಡಿಕ್ಕೆಯವರು ಮಕ್ಕಳಿಗೆ ಬೇರೆ ಬೇರೆ ಧಾನ್ಯಗಳನ್ನು ಕೊಟ್ಟು, ಸಹೋದ್ಯೋಗಿಗಳ ನೆರವಿನಿಂದ ಮಲದಲ್ಲಿ ಹೊರಬೀಳುವ ಜಿಡ್ಡನ್ನು ಅಳೆದು, 1950ರಲ್ಲಿ ತಮ್ಮ ಮಹಾಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ಸ್ಥಾಪಿಸಿದರು.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನೇ ಈ ರೋಗದ ಮೂಲ. ಕಣಕಕ್ಕೆ ಎಳೆದಷ್ಟೂ ಹಿಗ್ಗುವ ಜಿಗುಟು ಬರುವುದು ಇದರಿಂದಲೇ. ಜೋಳದ ಹಿಟ್ಟು ಹಾಗೆ ಹಿಗ್ಗದಿರುವುದು ಇದು ಇಲ್ಲದ್ದರಿಂದ. ಹುಟ್ಟಿನಿಂದಲೇ ಕೆಲವು ಅನುವಂಶಿಕ ಗುಣಗಳನ್ನು ಪಡೆದು ಬಂದವರಲ್ಲಿ ಕೆಲವರಿಗೆ ಗ್ಲುಟೆನ್ ಹೊಕ್ಕೊಡನೆ ದೇಹದ ರೋಗನಿರೋಧಕ ಶಕ್ತಿ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ವಿಲ್ಲೈಗಳು ಸವೆದು, ಪಡಸಾಲೆಯಷ್ಟಿದ್ದ ಒಳಮೈ ಬಹುವಾಗಿ ಕುಗ್ಗುತ್ತದೆ. ಮೊದಲು ಕೆಡುವುದು ಕರುಳಿನ ಮೇಲ್ಭಾಗ. ಕಬ್ಬಿಣ ಒಳಸೇರಬೇಕಾದ ಜಾಗವೇ ಅದು. ಆ ಹುಡುಗಿಗೆ ಟಾನಿಕ್ಕು ಏಕೆ ನಾಟಲಿಲ್ಲವೆಂಬುದು ಈಗ ಸ್ಪಷ್ಟ. ಕುಡಿದ ಕಬ್ಬಿಣ ಕುಡಿದ ಹಾಗೆಯೇ ಹೊರಗೆ ಹೋಗುತ್ತಿತ್ತು.

ಇದು ಉತ್ತರ ಭಾರತದವರ ರೋಗ, ನಮಗೇಕೆ ಎಂದು ಕೇಳುವವರಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರು ರಕ್ತದಲ್ಲಿ ಈ ರೋಗದ ಪ್ರತಿಕಾಯಗಳುಳ್ಳವರು. ಉಣ್ಣುವ ಗೋಧಿಯ ಪ್ರಮಾಣದಲ್ಲಿನ ಅಂತರವೂ ಅಷ್ಟೇ ದೊಡ್ಡದೆಂದು ಅದೇ ಸಮೀಕ್ಷೆ ತೋರಿಸಿತು. ಸಾವಿರಕ್ಕೆ ಒಬ್ಬರೆಂದರೆ ದೊಡ್ಡ ಹಳ್ಳಿಗೆ ನಾಲ್ಕೈದು ಜನ. ಜೋಳದ ಸೀಮೆಯ ಮನೆಗಳಲ್ಲಿಯೂ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಚಹದೊಡನೆ ಬಿಸ್ಕೀಟು ಎಂದಾಗಿರುವ ಈ ದಿನಗಳಲ್ಲಿ ಆ ಸಂಖ್ಯೆ ಹಾಗೆಯೇ ಉಳಿದೀತೆಂದು ನಮಗೆ ತೋರುವುದಿಲ್ಲ.

ಪರೀಕ್ಷೆಗೆ ಮುನ್ನ ಗೋಧಿ ಬಿಡಬೇಡಿ

ವಾಚಕರಲ್ಲಿ ನಮ್ಮ ಮುಖ್ಯ ವಿನಂತಿಯೆಂದರೆ ಇದು. ಸಂಶಯ ಬಂದೊಡನೆ ತಾವಾಗಿಯೇ ಗೋಧಿ ಬಿಟ್ಟು ನೋಡುವುದು ಸಲ್ಲದು. ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ರಕ್ತಪರೀಕ್ಷೆಯೂ, ಎಂಡೋಸ್ಕೋಪಿಯ ಮೂಲಕ ತೆಗೆಯುವ ಕರುಳಿನ ಚೂರಿನ ಪರೀಕ್ಷೆಯೂ ಗೋಧಿ ತಿನ್ನುತ್ತಿರುವಾಗ ಮಾತ್ರ ನಿಜವನ್ನು ಹೇಳುತ್ತವೆ. ಬಿಟ್ಟು ಕೆಲವು ತಿಂಗಳಾದ ಮೇಲೆ ಹೋದರೆ ಕರುಳು ಅರ್ಧ ಮಾಗಿ, ಫಲಿತಾಂಶ ತಪ್ಪು ಬರುತ್ತದೆ. ಆಗ ವೈದ್ಯರು ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕಾಗುತ್ತದೆ. ಜೀವನಪರ್ಯಂತ ಪಾಲಿಸಬೇಕಾದ ಪಥ್ಯವನ್ನು ಊಹೆಯ ಮೇಲೆ ಹೊರುವುದೂ, ಊಹೆಯ ಮೇಲೆ ಕೈಬಿಡುವುದೂ ಎರಡೂ ಅಪಾಯವೇ. ತೂಕ ಇಳಿಸಲೆಂದು ನಗರಗಳಲ್ಲಿ ಗೋಧಿ ಬಿಡುವವರ ಸಂಗತಿ ಬೇರೆ. ಅವರ ಗೊಡವೆ ಇಲ್ಲಿ ಬೇಡ.

ರೋಗ ಖಚಿತವಾದರೆ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರೂ ರಕ್ತ ತೋರಿಸಬೇಕು. ಅವರಲ್ಲಿ ಈ ರೋಗದ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ನಾವು ಹೇಳಿದ ಹುಡುಗಿಯ ತಂದೆಗೆ ಹೊಟ್ಟೆಯ ತೊಂದರೆಯೇ ಇರಲಿಲ್ಲ. ವರ್ಷಗಟ್ಟಲೆ ಬಾಯಿಹುಣ್ಣು, ಸ್ವಲ್ಪ ರಕ್ತಹೀನತೆ, ಅಷ್ಟೇ. ಪರೀಕ್ಷೆಯಲ್ಲಿ ಅವರಿಗೂ ಅದೇ ಹೊರಬಿತ್ತು. ಇನ್ನು ಕೆಲವು ಮನೆಗಳಲ್ಲಿ ಹೆಣ್ಣುಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ಈ ರೋಗವನ್ನು ಮುಚ್ಚಿಡುತ್ತಾರೆ. ಇದು ಅಂಟುವ ಜಾಡ್ಯವಲ್ಲ. ಪಥ್ಯದಲ್ಲಿದ್ದವಳು ಎಲ್ಲರಂತೆ ಬಾಳುತ್ತಾಳೆ. ಮುಚ್ಚಿಟ್ಟು ಗಂಡನ ಮನೆಗೆ ಕಳಿಸಿದರೆ, ಅಲ್ಲಿ ಹೊಸ ಸೊಸೆ ‘ಚಪಾತಿ ಒಲ್ಲೆ’ ಎನ್ನಲಾರದೆ ತಿಂದರೆ, ರಕ್ತಹೀನತೆ, ಗರ್ಭಸ್ರಾವ, ಎಲುಬು ಸವೆತಗಳಿಗೆ ದಾರಿಯಾಗುತ್ತದೆ. ನಂಟಸ್ತನದ ಮಾತುಕತೆಯಲ್ಲಿಯೇ ತಿಳಿಸುವುದು ಲೇಸು.

ಅಡುಗೆಮನೆಯ ಎಚ್ಚರ

ಉತ್ತರ ಕರ್ನಾಟಕದ ಅಡುಗೆಯವರಿಗೆ ಈ ಪಥ್ಯ ಪಂಜಾಬಿನವರಿಗಿಂತ ಬಹಳ ಸುಲಭ. ಜೋಳ, ಸಜ್ಜೆ, ರಾಗಿ, ನವಣೆ, ಸಾವೆ, ಅಕ್ಕಿ, ಮೆಕ್ಕೆಜೋಳ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು ಇವಿಷ್ಟು ಇದ್ದರೆ ಯಾವ ವಿದೇಶೀ ‘ಗ್ಲುಟೆನ್ ರಹಿತ’ ಪೊಟ್ಟಣವೂ ಬೇಕಿಲ್ಲ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಸವೆದ ಎಲುಬಿಗೆ ಅದು ಒಳ್ಳೆಯದು. ಪಂಚಮಿ ಹಬ್ಬದ ಶೇಂಗಾ ಉಂಡಿ, ಎಳ್ಳುಂಡಿ, ಚುರಮರಿ ಉಂಡಿಗಳಿಗೆ ತಡೆಯಿಲ್ಲ. ರವೆ ಉಂಡಿ, ಮಾದಲಿ, ಕರಚಿಕಾಯಿ, ಹೋಳಿಗೆಗಳಿಗೆ ತಡೆಯುಂಟು. ಹೋಳಿಗೆಯ ಹೂರಣವನ್ನು ಕಣಕಕ್ಕೆ ತಾಗಿಸುವ ಮುನ್ನವೇ ಬೇರೆ ಬಟ್ಟಲಿಗೆ ತೆಗೆದಿಟ್ಟು, ತುಪ್ಪ ಹಾಕಿ ಕೊಟ್ಟರೆ ಮಕ್ಕಳು ಸಂತೋಷದಿಂದಲೇ ತಿನ್ನುತ್ತವೆ.

ತೊಡಕಿರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಜವೆಗೋಧಿಯೆಂಬ ಹೆಸರಿನಿಂದಲೇ ಗೊಂದಲ ಆರಂಭವಾಗುತ್ತದೆ. ಕೆಲವೆಡೆ ಬಾರ್ಲಿಗೆ ಹಾಗೆನ್ನುತ್ತಾರೆ, ನಮ್ಮಲ್ಲಿ ಹಲವೆಡೆ ಹುಗ್ಗಿ ಮಾಡುವ ಸಿಪ್ಪೆಗೋಧಿಗೆ ಹಾಗೆನ್ನುತ್ತಾರೆ. ‘ಅದು ದೇಸೀ ತಳಿ, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು, ಇದಕ್ಕೇನಾದೀತು’ ಎಂಬ ವಾದವನ್ನು ಕೇಳಿದ್ದೇವೆ. ದೇಸೀ ಇರಲಿ, ಹೈಬ್ರಿಡ್ ಇರಲಿ, ಗೋಧಿಯೆಲ್ಲವೂ ಗೋಧಿಯೇ. ಬಾರ್ಲಿಯಲ್ಲಿಯೂ ಇದೇ ಬಗೆಯ ಪ್ರೋಟೀನು ಇದೆ. ಬಾರ್ಲಿಯಿಂದಾದ ಮಾಲ್ಟ್ ಪಾನೀಯಗಳೂ ಆದ್ದರಿಂದ ಸಲ್ಲವು. ಇಂಗಿನ ಸಂಗತಿ ಬಹಳ ಜನರಿಗೆ ತಿಳಿಯದು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟನ್ನು ಬೆರೆಸಿರುತ್ತಾರೆ. ಆ ಹಿಟ್ಟು ಬಹುಮಟ್ಟಿಗೆ ಗೋಧಿಯದು, ಅಕ್ಕಿಹಿಟ್ಟಿನದೂ ದೊರೆಯುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಬೇಕು. ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಒಂದು ಕಿಲೋಗ್ರಾಮಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬುದು ನಿಯಮ. ಅಷ್ಟು ಸೂಕ್ಷ್ಮ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆಂಬುದನ್ನು ಇದರಿಂದ ತಿಳಿಯಬಹುದು.

ಹಿಟ್ಟಿನ ಗಿರಣಿಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ಜೋಳವನ್ನು ಸುರಿದರೆ ಮೊದಲು ಬೀಳುವ ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಜೋಳದ ರೊಟ್ಟಿಯನ್ನೇ ಉಣ್ಣುತ್ತಿದ್ದರೂ ಹುಡುಗಿಯ ರಕ್ತದ ಫಲಿತಾಂಶ ಆರು ತಿಂಗಳಾದರೂ ಸರಿಯಾಗಿ ಇಳಿಯದಿದ್ದುದಕ್ಕೆ ಒಂದು ಕಾರಣ ಇದೇ ಆಗಿತ್ತು. ಮನೆಯೊಳಗೂ ಹಿಟ್ಟು ನಾದುವ ಪರಾತ, ಜರಡಿ, ಲಟ್ಟಣಿಗೆ, ಹಂಚು ಬೇರೆಯಾಗಿರಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳವನ್ನು ಕರಿದು ಕೊಡಬಾರದು. ಗುಳಿಗೆಗಳಲ್ಲಿಯೂ ಕೆಲವೊಮ್ಮೆ ಗೋಧಿಯ ಪಿಷ್ಟವನ್ನು ಸೇರಿಸುವುದುಂಟಾದ್ದರಿಂದ ಔಷಧ ಅಂಗಡಿಯಲ್ಲಿ ಕೇಳಿ ಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಾರಣವನ್ನು ಹೇಳಲು ನಮಗೆ ತುಸು ಸಂಕೋಚ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸಿದಾಗಲೆಲ್ಲ ಮನೆಯವರು ಹುಡುಗಿಗೆ ಒಂದು ಚಮಚೆಯಷ್ಟು ತಿನ್ನಿಸುತ್ತಿದ್ದರು. ‘ಪ್ರಸಾದಕ್ಕ ಏನೂ ಆಗೂದಿಲ್ಲ ತಗೋ ಬೇ’ ಎಂಬುದು ಅವರ ಮಾತು. ಭಕ್ತಿಯಲ್ಲಿ ದೋಷವಿರಲಿಲ್ಲ. ಆದರೆ ಕರುಳು ಆ ಚಮಚೆಯನ್ನು ಗೋಧಿಯೆಂದೇ ಎಣಿಸಿತು. ಪ್ರಸಾದವನ್ನು ಬೇಡವೆನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ಕಠಿಣವೆಂಬುದು ವಾಚಕರಿಗೆ ಹೇಳಬೇಕಾಗಿಲ್ಲ. ಕಡೆಗೆ ಆಯಿಯೇ ಮಠದ ಹಿರಿಯರೊಡನೆ ಮಾತನಾಡಿ ಬಂದರು. ಬಾಳೆಹಣ್ಣೂ ಪ್ರಸಾದ, ಕೊಬ್ಬರಿಯೂ ಪ್ರಸಾದ, ಕಲ್ಲುಸಕ್ಕರೆಯೂ ಪ್ರಸಾದ. ಆಗದ್ದನ್ನು ಉಣಿಸಬೇಡಿರೆಂದು ಅವರು ಹೇಳಿಕಳಿಸಿದರಂತೆ. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಇದನ್ನು ಅರಿತಿದ್ದರೆ ಇಂಥ ಮಕ್ಕಳ ತಾಯಂದಿರು ತಲೆ ತಗ್ಗಿಸಬೇಕಾಗುವುದಿಲ್ಲ. ಹುಗ್ಗಿಯ ಸೌಟನ್ನೇ ಅನ್ನದ ಪಾತ್ರೆಗೆ ಅದ್ದದಿದ್ದರೆ ಇನ್ನೂ ಉಪಕಾರ.

ಬೇರೆ ಕಾರಣಗಳು, ಬೇರೆ ಪಥ್ಯಗಳು

ಸೊರಗಿದವರಿಗೆಲ್ಲ ಗೋಧಿಯೇ ಶತ್ರುವಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಗುಡುಗುಡು, ಭೇದಿ ಆಗುವವರು ನಮ್ಮಲ್ಲಿ ಬಹಳ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಬಾಲ್ಯ ಕಳೆದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಇದು ಕರುಳನ್ನು ಕೆಡಿಸುವ ರೋಗವಲ್ಲ. ಹಾಲನ್ನು ಪೂರ್ತಿ ಬಿಡಬೇಕಾದ ಅಗತ್ಯವೂ ಹೆಚ್ಚಿನವರಿಗಿಲ್ಲ. ಊಟದೊಡನೆ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡರೆ ಸಹಿಸುತ್ತಾರೆ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಪಾಲನ್ನು ಮೊಸರಿನ ಜೀವಾಣುಗಳೇ ತಿಂದು ಹುಳಿಯಾಗಿಸುವುದರಿಂದ ಮೊಸರು, ಮಜ್ಜಿಗೆಗಳು ಇವರಿಗೆ ಒಗ್ಗುತ್ತವೆ. ಗ್ರಹಣಿಗೆ ಮಜ್ಜಿಗೆಯನ್ನು ಹೇಳಿದ ಪ್ರಾಚೀನರ ಅನುಭವಕ್ಕೆ ಇದೂ ಒಂದು ಸಮರ್ಥನೆಯೆಂದು ನಮ್ಮ ಭಾವನೆ. ಸೀಲಿಯಾಕ್ ರೋಗದವರಿಗೂ ಆರಂಭದ ಕೆಲವು ತಿಂಗಳು ಹಾಲು ಒಗ್ಗದಿರಬಹುದು. ವಿಲ್ಲೈಗಳು ಮರಳಿ ಬೆಳೆದಂತೆ ಅದು ತಾನಾಗಿ ಸರಿಹೋಗುತ್ತದೆ.

ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ರೋಗ 1960ರ ದಶಕದ ಆರಂಭದಲ್ಲಿ ನೆರೆಯ ತಮಿಳುನಾಡಿನ ಉತ್ತರ ಆರ್ಕಾಟು ಪ್ರದೇಶದ ಹಳ್ಳಿಗಳಲ್ಲಿ ಸಾಂಕ್ರಾಮಿಕದಂತೆ ಹರಡಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅದನ್ನು ವಿವರವಾಗಿ ಅಧ್ಯಯನ ಮಾಡಿದರು. ಅದರಲ್ಲಿಯೂ ಕರುಳಿನ ಗೋಡೆ ಸವೆಯುತ್ತದೆ, ಆದರೆ ಗೋಧಿ ಬಿಟ್ಟರೆ ಪ್ರಯೋಜನವಿಲ್ಲ. ಫೋಲಿಕ್ ಆಮ್ಲ, ಬಿ-12 ಹಾಗೂ ಟೆಟ್ರಾಸೈಕ್ಲಿನ್‌ನಿಂದ ಗುಣ ಕಾಣುತ್ತದೆ. ಈಗ ಅದು ವಿರಳವಾಗಿದೆ. ಕರುಳಿನ ಕ್ಷಯ ಮಾತ್ರ ವಿರಳವಾಗಿಲ್ಲ. ಸಂಜೆಯ ಜ್ವರ, ಬಲಗಡೆಯ ಕೆಳಹೊಟ್ಟೆಯ ನೋವು, ಇಳಿಯುವ ತೂಕ ಕಂಡಲ್ಲಿ ಪಥ್ಯ ಹುಡುಕುತ್ತ ಕೂಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಮೇದೋಜೀರಕ ಗ್ರಂಥಿ ಸೊರಗಿದವರಿಗೆ ‘ಜಿಡ್ಡು ಬಿಡಿ’ ಎಂಬ ಹಳೆಯ ಸಲಹೆ ಈಗ ಬದಲಾಗಿದೆ. ಜಿಡ್ಡು ಪೂರ್ತಿ ಬಿಟ್ಟರೆ ಇದ್ದ ಮೈಯೂ ಇಳಿಯುತ್ತದೆ. ಊಟದೊಡನೆಯೇ ಕಿಣ್ವದ ಕ್ಯಾಪ್ಸೂಲುಗಳನ್ನು ನುಂಗಿ ಸಾಧಾರಣ ಊಟವನ್ನೇ ಉಣ್ಣಬೇಕೆಂಬುದು ಇಂದಿನ ಮತ. ಆದರೆ ಶಾಖಾಹಾರಿ ಮನೆಗಳು ಒಂದು ಸಂಗತಿಯನ್ನು ತಿಳಿದಿರಬೇಕು. ಈ ಕ್ಯಾಪ್ಸೂಲುಗಳೊಳಗಿನ ಕಿಣ್ವವನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯಲಾಗುತ್ತದೆ. ಇದನ್ನು ನಾವು ಮುಚ್ಚಿಡಬಯಸುವುದಿಲ್ಲ. ಆಮೇಲೆ ಯಾರಿಂದಲೋ ತಿಳಿದು, ವೈದ್ಯರಿಗೂ ಹೇಳದೆ ಔಷಧ ನಿಲ್ಲಿಸಿದವರ ಗತಿಯನ್ನು ಕಂಡಿದ್ದೇವೆ. ಬೂಷ್ಟಿನಿಂದ ತಯಾರಾಗುವ ಕಿಣ್ವಗಳೂ ಉಂಟು, ಆದರೆ ಅವು ಇದರಷ್ಟು ಪ್ರಬಲವಲ್ಲ. ಮನಸ್ಸಿನ ಅಳುಕನ್ನು ವೈದ್ಯರೆದುರು ಬಿಚ್ಚಿ ಹೇಳಿ ತೀರ್ಮಾನಕ್ಕೆ ಬರುವುದು ಯುಕ್ತ. ಜೀವ ಉಳಿಸುವ ಔಷಧವನ್ನು ಆಹಾರವೆಂದೆಣಿಸುವ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಪ್ಪದವರನ್ನು ನಾವು ಹಳಿಯುವುದಿಲ್ಲ.

ಬಿ-12 ಜೀವಸತ್ವದ ಮಾತು ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಶಾಖಾಹಾರದಲ್ಲಿ ಇದು ಸಹಜವಾಗಿ ದೊರೆಯುವುದು ಹಾಲು, ಮೊಸರುಗಳಿಂದ ಮಾತ್ರ. ಇದನ್ನು ಹೀರಲು ಜಠರದಲ್ಲಿ ಒಸರುವ ಒಂದು ವಿಶೇಷ ಪ್ರೋಟೀನು ಬೇಕು, ಸಣ್ಣ ಕರುಳಿನ ಕೊನೆಯ ತುದಿ ಆರೋಗ್ಯವಾಗಿರಬೇಕು. ಎರಡರಲ್ಲಿ ಒಂದು ಕೆಟ್ಟರೂ ಹಾಲು ಕುಡಿದು ಫಲವಿಲ್ಲ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಎದೆಯುರಿಗೆಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಗುಳಿಗೆ ನುಂಗುವವರು ಇವರಲ್ಲಿಯೂ ಇದರ ಹೀರಿಕೆ ತಗ್ಗುತ್ತದೆ. ಯಕೃತ್ತಿನ ಸಂಗ್ರಹ ಕೆಲವು ವರ್ಷ ಸಾಗಿಸುವುದರಿಂದ ಕೊರತೆ ತಡವಾಗಿ ತಿಳಿಯುತ್ತದೆ. ಅಂಗಾಲು ಜುಮುಗುಟ್ಟುವುದು, ಕತ್ತಲೆಯಲ್ಲಿ ತೂರಾಡುವುದು, ಮರೆವು ಇವನ್ನೆಲ್ಲ ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು. ಬಿ-12 ನೋಡದೆ ಬರಿಯ ಫೋಲಿಕ್ ಆಮ್ಲವನ್ನು ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರಗಳು ಮಾತ್ರ ಕೆಡುತ್ತಲೇ ಹೋಗುತ್ತವೆ.

ಚೇತರಿಕೆಯ ದಿನಗಳ ಊಟ

ಕಾರಣ ತಿಳಿದು ಚಿಕಿತ್ಸೆ ಆರಂಭವಾದೊಡನೆ ಒಮ್ಮೆಲೇ ಖಡಕ್ ರೊಟ್ಟಿ ಕೊಡಬಾರದು. ಮೊದಮೊದಲು ಮೆತ್ತನೆಯ ಅನ್ನ, ಹೆಸರುಬೇಳೆಯ ತಿಳಿ, ಜೋಳದ ನುಚ್ಚು ಮಜ್ಜಿಗೆ, ಬಾಳೆಹಣ್ಣು, ಬೇಯಿಸಿದ ಗಜ್ಜರಿ, ಕುಂಬಳಕಾಯಿ. ದಿನಕ್ಕೆ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟ. ಸೊಪ್ಪು, ಮೊಳಕೆಕಾಳು, ರೊಟ್ಟಿ ಆಮೇಲೆ ನಿಧಾನವಾಗಿ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ. ಊಟವಾದೊಡನೆ ಚಹ ಕುಡಿದರೆ ಅದು ತಪ್ಪಿಹೋಗುತ್ತದೆ. ರೊಟ್ಟಿಯ ಮೇಲೆ ಚಹವಿಲ್ಲದೆ ಏಳದ ನಮ್ಮ ಹಿರಿಯರಿಗೆ ಇದು ರುಚಿಸಲಾರದು, ಬಲ್ಲೆವು. ಒಂದೆರಡು ತಾಸು ತಡೆದು ಕುಡಿದರೆ ಸಾಕು. ಕಬ್ಬಿಣ, ಸುಣ್ಣದಂಶ, ಡಿ ಜೀವಸತ್ವದ ಗುಳಿಗೆಗಳನ್ನು ಎಷ್ಟು ದಿನ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಕ್ಕಳ ಕರುಳು ಬೇಗ ಮಾಗುತ್ತದೆ. ದೊಡ್ಡವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಹಿಡಿಯಬಹುದು. ಹಾಯೆನಿಸಿತೆಂದು ಮಧ್ಯದಲ್ಲಿ ಪಥ್ಯ ಬಿಡುವವರೇ ಹೆಚ್ಚು ಎಂದು ವೈದ್ಯರು ದೂರುತ್ತಾರೆ.

ಆ ಹುಡುಗಿಗೆ ಈಗ ಹದಿನಾಲ್ಕು. ಕಳೆದ ಸಲ ಕಂಡಾಗ ತಾಯಿಯ ಭುಜದವರೆಗೆ ಬೆಳೆದಿದ್ದಳು. ಶಾಲೆಗೆ ಸಜ್ಜೆ ರೊಟ್ಟಿ ಒಯ್ಯುವಾಗ ಗೆಳತಿಯರು ನಗುತ್ತಿದ್ದರಂತೆ. ಈಗ ಅರ್ಧ ರೊಟ್ಟಿ ಅವರಿಗೇ ಹೋಗುತ್ತದೆಂದು ತಾಯಿ ದೂರಿದರು. ಗಿರಣಿಯ ಸಂಗತಿ ತಿಳಿದ ದಿನವೇ ಆಯಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ಹೊರಗೆ ತರಿಸಿ, ಹಲ್ಲು ಹೊಡೆಸಿ, ತೊಳೆದು, ಅಡುಗೆಮನೆಯಲ್ಲಿ ಹೂಡಿಸಿದ್ದಾರೆ. ಮಗನಿಗೂ ಮೊಮ್ಮಗಳಿಗೂ ಸಾಲುವಷ್ಟು ಜೋಳವನ್ನು ಎರಡು ದಿನಕ್ಕೊಮ್ಮೆ ನಸುಕಿನಲ್ಲಿ ತಾವೇ ಬೀಸುತ್ತಾರೆ. ತೋಳು ನೋಯುತ್ತದೆಂದು ಸೊಸೆ ಕೈಹಾಕಲು ಬಂದರೆ ಒಪ್ಪುವುದಿಲ್ಲ. ಚಪಾತಿಯ ಹಿಟ್ಟು ನಾದಿದ ಕೈಯಿಂದ ಆ ಕಲ್ಲನ್ನು ಯಾರೂ ಮುಟ್ಟಕೂಡದೆಂಬುದು ಅವರ ಕಟ್ಟಪ್ಪಣೆ.